ಟೀಚರ್ ಇಳಿಸಿದ ಟವರ್

ಹೋದ ವಾರ ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತ್ತು. ಮೆಕ್ಯಾನಿಕ್ ಟೆರೇಸಿನ ಪಕ್ಕದ ಯಂತ್ರದ ಕೋಣೆಯನ್ನು ತೆರೆದಿಟ್ಟು ಉಕ್ಕಿನ ಹಗ್ಗಗಳಿಗೆ ಗ್ರೀಸ್ ಬಳಿಯುತ್ತಿದ್ದ. ಒಣಹಾಕಿದ ಬೆಡ್‌ಶೀಟು ತರಲು ಹೊರಟವಳು ಕೊನೆಯ ಮೆಟ್ಟಿಲ ಮೇಲೇ ನಿಂತೆ. ಬಿಸಿಲಿಗೆ ಕಾದ ಗ್ರೀಸು, ಅದರೊಳಗೆ ಚೂರು ಸೀಮೆಎಣ್ಣೆ, ಚೂರು ತುಕ್ಕು... ಟೀಚರ್ ಮೇಲಿದ್ದಾರೆ ಅಂದುಕೊಂಡೆ. ಅಂದುಕೊಂಡದ್ದಷ್ಟೇ ಅಲ್ಲ, ಕೆಳಗಿಳಿದು ಅವರಿಗೊಂದು ಲೋಟ ಮಜ್ಜಿಗೆ ತರೋಣವೆಂದು ತಿರುಗಿಯೂ ಇದ್ದೆ. ಆಮೇಲೆ ನೆನಪಾಯಿತು. ಟೀಚರ್ ತೀರಿಕೊಂಡು ಎರಡು ವರ್ಷದ ಮೇಲಾಯಿತು.

ಮುಂಬಯಿಯ ಸಯನ್‌ನ ಈ ಹಳೆಯ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಉಡುಪಿ ಕಡೆಯವರು. ಮಾಟುಂಗದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಬಿಲ್ಡಿಂಗಿನ ಗುಜರಾತಿಗಳಿಗೆ, ಮರಾಠಿಗಳಿಗೆ, ವಾಚ್‌ಮನ್ನನಿಗೆ, ಹಾಲಿನವನಿಗೆ ಎಲ್ಲರಿಗೂ ಅವರು ಟೀಚರ್. ನಾವು ಧಾರವಾಡದವರು, ಯಜಮಾನರ ನೌಕರಿಗಾಗಿ ಇಲ್ಲಿಗೆ ಬಂದವರು. ಲಿಫ್ಟಿನಲ್ಲಿ ನಾನು ನನ್ನ ಕನ್ನಡದಲ್ಲಿ, ಅವರು ಅವರ ಕನ್ನಡದಲ್ಲಿ ಮಾತಾಡುತ್ತಿದ್ದರೆ, ಇವರಿಬ್ಬರದೂ ಒಂದೇ ಭಾಷೆಯೇ ಅಂತ ಕೆಳಗಿನ ಮಹಡಿಯವರು ಕೇಳಿದ್ದುಂಟು.

ನಿವೃತ್ತಿಯಾದ ಮೇಲೆ ಜನ ಕಾಶಿಗೋ ರಾಮೇಶ್ವರಕ್ಕೋ ಹೋಗುತ್ತಾರೆ. ಟೀಚರ್ ಪರೀಕ್ಷೆಗೆ ಕೂತರು. ಹವ್ಯಾಸಿ ರೇಡಿಯೊ ಪರೀಕ್ಷೆ. ಅದರಲ್ಲಿ ಪಾಸಾದರೆ ಸರ್ಕಾರ ಲೈಸೆನ್ಸ್ ಕೊಡುತ್ತದೆ, ಅಕ್ಷರ ಅಂಕಿ ಸೇರಿದ ಒಂದು ಗುರುತಿನ ಹೆಸರನ್ನೂ ಕೊಡುತ್ತದೆ. ಆಮೇಲೆ ಮನೆಯಲ್ಲೇ ಯಂತ್ರ ಇಟ್ಟುಕೊಂಡು ಜಗತ್ತಿನ ಯಾವ ಮೂಲೆಯ ಹವ್ಯಾಸಿಯ ಜೊತೆಗೂ ಮಾತಾಡಬಹುದು. ಇಷ್ಟು ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು. ಆಗ ನಾನು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ನಾನಾಗಿ ಆಸೆಪಟ್ಟದ್ದಲ್ಲ. ಒಂದು ಮೀಟಿಂಗಿಗೆ ತಡವಾಗಿ ಹೋದೆ, ಹೋಗುವಷ್ಟರಲ್ಲಿ ನನ್ನನ್ನು ಆರಿಸಿ ಮುಗಿಸಿದ್ದರು.

ಒಂದು ಬೆಳಗ್ಗೆ ಟೀಚರ್ ಪ್ಲಾಸ್ಟಿಕ್ ಫೈಲು ಹಿಡಿದು ನಮ್ಮ ಮನೆಗೆ ಬಂದರು.

"ಟೆರೇಸಲ್ಲಿ ಒಂದು ಟವರ್ ಹಾಕ್ಲಿಕ್ಕುಂಟು. ನಿನ್ನ ಸಹಿ ಬೇಕು."

"ಟವರ್ ಯಾಕ್ರೀ ಟೀಚರ್? ಮೊಬೈಲ್ ಅದಲ್ಲ, ಯಾರ ಜೋಡಿ ಬೇಕಾದ್ರೂ ಮಾತಾಡಬಹುದು."

"ಮೊಬೈಲಲ್ಲಿ ಗೊತ್ತಿದ್ದವರ ಹತ್ರ ಮಾತಾಡುದು ಮಾರಾಯ್ತಿ. ಇದರಲ್ಲಿ ಯಾರು ಸಿಗ್ತಾರೆ ಅಂತ ಗೊತ್ತೇ ಇಲ್ಲ."

ಗೊತ್ತಿಲ್ಲದವರ ಜೊತೆ ಮಾತಾಡಲು ಇಷ್ಟು ಕಷ್ಟ ಯಾಕೆ ಪಡಬೇಕೆಂದು ನನಗೆ ಆಗ ಅರ್ಥವಾಗಲಿಲ್ಲ. ಆದರೂ ಸಹಿ ಮಾಡಿದೆ. ಫೈಲಿನಲ್ಲಿ ಲೈಸೆನ್ಸಿನ ನಕಲಿತ್ತು, ಟೆರೇಸ್ ಆ ಭಾರ ತಡೆಯುತ್ತದೆ ಎಂದು ಇಂಜಿನಿಯರ್ ಕೊಟ್ಟ ಪತ್ರವಿತ್ತು, ಏನೇ ಹಾನಿಯಾದರೂ ತಾನೇ ಹೊಣೆ ಎಂದು ಟೀಚರ್ ಬರೆದುಕೊಟ್ಟ ಕಾಗದವಿತ್ತು. ಸೊಸೈಟಿಯ ಮೀಟಿಂಗಿನಲ್ಲಿ ಚೇರ್ಮನ್ ಒಂದೇ ಪ್ರಶ್ನೆ ಕೇಳಿದರು, ಇದು ಮೊಬೈಲ್ ಟವರೇ ಅಂತ. ಅಲ್ಲ ಎಂದೆವು. ಅಲ್ಲಿಗೆ ಮುಗಿಯಿತು.

ಟವರ್ ತಯಾರಾದದ್ದು ಕಾಂದಿವಲಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ. ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಹತ್ತು ಹತ್ತು ಅಡಿಯ ಮೂರು ತುಂಡು, ಪ್ರತಿ ತುಂಡೂ ಮೂರು ಮೂಲೆಯ ಏಣಿಯ ಹಾಗೆ. ಟೀಚರ್ ಪರ್ಸಿನಿಂದ ಭೂತಗನ್ನಡಿ ತೆಗೆದು ಪ್ರತಿ ಬೆಸುಗೆಯನ್ನೂ ನೋಡಿದರು. ಎರಡು ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಪುನಃ ಮಾಡಿ ಎಂದರು. ವೆಲ್ಡರ್ ಗೊಣಗಿದ. ಅವರು ಅಲ್ಲೇ ಒಂದು ಡ್ರಮ್ಮಿನ ಮೇಲೆ ಕೂತು, ಅವನು ಪುನಃ ಬೆಸೆಯುವವರೆಗೆ ನನಗೆ ತಮ್ಮ ಡಬ್ಬಿಯ ಗೋಳಿಬಜೆ ತಿನ್ನಿಸಿದರು.

ಟೆಂಪೋದಲ್ಲಿ ಬಂದ ತುಂಡುಗಳು ಲಿಫ್ಟಿಗೆ ಹಿಡಿಸಲಿಲ್ಲ. ಹಮಾಲರು ಮೆಟ್ಟಿಲ ಮೇಲೆ ಹೊತ್ತರು. ಭಾನುವಾರ ಬೆಳಗ್ಗೆ ಅವರ ರೇಡಿಯೊ ಗೆಳೆಯರು ನಾಲ್ಕು ಜನ ಬಂದರು, ಎಲ್ಲರೂ ಐವತ್ತು ದಾಟಿದವರು. ಟೆರೇಸಿನವರೆಗೆ ಎದ್ದಿದ್ದ ಬಿಲ್ಡಿಂಗಿನ ಕಾಂಕ್ರೀಟ್ ಕಂಬದ ಮೇಲ್ತುದಿಯಲ್ಲಿ ಒಂದು ದಪ್ಪ ಉಕ್ಕಿನ ತಟ್ಟೆ ಕೂರಿಸಿ ಅದಕ್ಕೆ ಬಾಗಿಲ ತಿರುಗಣಿಯಂಥದ್ದನ್ನು ಜೋಡಿಸಿದ್ದರು. ಟವರನ್ನು ಮಲಗಿಸಿ ಕಟ್ಟಿ ಹಗ್ಗದಿಂದ ಎಳೆದರೆ ಅದು ಆ ತಿರುಗಣಿಯ ಮೇಲೆ ನಿಧಾನವಾಗಿ ಎದ್ದು ನಿಲ್ಲುತ್ತದೆ. ತುದಿಯಲ್ಲಿ ಆಂಟೆನಾ, ಹಳೆಯ ಕಾಲದ ಟಿವಿ ಆಂಟೆನಾದ ದೊಡ್ಡಣ್ಣನಂಥದ್ದು. ಎದ್ದು ನಿಂತ ಮೇಲೆ ಮೂರು ದಿಕ್ಕಿಗೂ ಉಕ್ಕಿನ ತಂತಿ ಎಳೆದು ಬಿಗಿದರು. ನನಗೆ ತೂಗುಗುಂಡಿನ ದಾರ ಕೊಟ್ಟು, ಟವರ್ ನೇರ ಇದೆಯಾ ನೋಡಿ ಹೇಳಲು ನಿಲ್ಲಿಸಿದ್ದರು. ನಾನು ಎಡಕ್ಕೆ ಎಂದರೆ ನಾಲ್ವರೂ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ನನ್ನ ಮಾತಿಗೆ ಮನೆಯಲ್ಲಿ ಅಷ್ಟು ಬೆಲೆ ಎಂದೂ ಇದ್ದದ್ದಿಲ್ಲ.

ಆಮೇಲೆ ಪ್ರತಿ ವರ್ಷ ಮೇ ತಿಂಗಳು, ಮಳೆ ಬರುವ ಮೊದಲು, ಟವರನ್ನು ಮಲಗಿಸುವುದು. ತುಕ್ಕು ಕಂಡಲ್ಲಿ ಉಜ್ಜಿ ಬೆಳ್ಳಿ ಬಣ್ಣದ ಪೇಂಟ್ ಹಚ್ಚುವುದು. ಕೇಬಲ್ಲಿನ ಕೂಡುಗಳಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತುವುದು. ಸಿಡಿಲಿಗೆಂದು ನೆಲದವರೆಗೆ ಇಳಿಸಿದ ತಾಮ್ರದ ಪಟ್ಟಿಯನ್ನು ಪರೀಕ್ಷಿಸುವುದು. ತಂತಿ ಬಿಗಿಸುವ ತಿರುಪುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ಹಚ್ಚುವುದು ನನ್ನ ಕೆಲಸ. ಹಚ್ಚಿದ ಮೇಲೆ ಟೀಚರ್ ಪ್ರತಿ ತಂತಿಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದರು. ನಾನು ಹೆದರಿ ಜಾಸ್ತಿ ಬಿಗಿ ಮಾಡಿರುತ್ತಿದ್ದೆ. "ಇಷ್ಟು ಬಿಗಿ ಬೇಡ, ಗಾಳಿಗೆ ಚೂರು ಆಡ್ಲಿ," ಎನ್ನುತ್ತಿದ್ದರು. ಅದರಲ್ಲಿ ಬದುಕಿನ ಪಾಠವೇನಾದರೂ ಇತ್ತೇ ಎಂದು ಈಗ ಯೋಚಿಸುತ್ತೇನೆ. ಇರಲಿಕ್ಕಿಲ್ಲ. ಅವರು ತಂತಿಯ ವಿಷಯವನ್ನೇ ಹೇಳಿದ್ದು.

ಕೆಲವು ಬೆಳಗ್ಗೆ ಅವರ ಪಕ್ಕ ಕೂತು ಕೇಳಿದ್ದೇನೆ. ಕುದಿಯುವ ನೀರಿನಂಥ ಸದ್ದು, ಅದರ ನಡುವೆ ಒಂದು ದನಿ. ಜಪಾನಿನ ಒಬ್ಬ ದಂತವೈದ್ಯ, ಇಟಲಿಯ ಯಾರೋ ಒಬ್ಬ ರೈಲ್ವೆಯವನು. ಮಾತು ಏನೆಂದರೆ... ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ, ಇಲ್ಲಿ ಮೋಡ ಇದೆ, ನನ್ನ ಆಂಟೆನಾ ಇಷ್ಟು ಎತ್ತರ, ನಮಸ್ಕಾರ. ಮುಗಿಯಿತು.

"ಇಷ್ಟಕ್ಕಽ ಇಷ್ಟೆಲ್ಲಾ ಏನ್ರೀ?" ಎಂದು ಕೇಳಿದ್ದೆ.

"ಇಷ್ಟಕ್ಕೇ," ಎಂದು ನಕ್ಕರು. ಮುಖ ಮಾತ್ರ ಊರಿಂದ ಕಾಗದ ಬಂದವರ ಹಾಗಿತ್ತು.

ಹೀಗೆ ಆರು ವರ್ಷ. ಆರನೆಯ ವರ್ಷ, ಟೀಚರ ಮನೆಯ ಕೆಳಗಡೆಯ ಫ್ಲ್ಯಾಟಿನ, ನಾನು ಕಾಕು ಎಂದು ಕರೆಯುತ್ತಿದ್ದ ಹಿರಿಯರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ವಿಜಾಪುರದ ಕಡೆಯವರು, ಮಗನ ಜೊತೆ ಇದ್ದರು. ಮಗನಿಗೆ ಮೂವತ್ತರ ಆಸುಪಾಸು. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಅರ್ಥವಾಗುತ್ತದೆ, ಮಾತು ತಡವರಿಸುತ್ತದೆ. ಒಳ್ಳೆಯ ಹುಡುಗ. ಆಸ್ಪತ್ರೆಗೂ ಆಫೀಸಿಗೂ ಓಡಾಡಿ ಮುಖ ಬತ್ತಿಹೋಗಿತ್ತು. ಒಂದು ದಿನ ನಮ್ಮ ಬಾಗಿಲಿಗೆ ಬಂದು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

"ಆಂಟಿ, ಮಮ್ಮಿ ಬೆಡ್ ಮೇಲೇ ಕರೆಕ್ಟ್ ಆ ಟವರ್ ಇದೆ. ರೇಡಿಯೇಶನ್ ಇರುತ್ತೆ ನಾ? ಟವರ್ ಹೋಗ್ಬೇಕು. ಬಸ್."

ನಾನು ಟೀಚರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಗೆಳೆಯರಿಂದ ಒಂದು ಅಳೆಯುವ ಮೀಟರ್ ತರಿಸಿದರು. ಕಾಕು ಆಸ್ಪತ್ರೆಯಲ್ಲಿದ್ದ ದಿನ ಆ ಹುಡುಗನನ್ನು ಕೇಳಿ, ನನ್ನನ್ನೂ ಕರೆದುಕೊಂಡು ಹೋಗಿ, ಕಾಕು ಅವರ ಮಂಚದ ಹತ್ತಿರ ಮೀಟರ್ ಹಿಡಿದು ನಿಂತರು. ಮೇಲಿನ ಮನೆಯಲ್ಲಿ ಅವರ ಗೆಳೆಯರೊಬ್ಬರು ರೇಡಿಯೊದಲ್ಲಿ ಮಾತಾಡುತ್ತಿದ್ದರು. ಮುಳ್ಳು ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು. ಪಕ್ಕದಲ್ಲಿ ಅವನ ಮೊಬೈಲ್ ಇಟ್ಟರೆ ಅದಕ್ಕಿಂತ ಹೆಚ್ಚು ಹಾರಿತು. ಆ ಹುಡುಗ ಮೀಟರನ್ನು ನೋಡಲೇ ಇಲ್ಲ, ಟೀಚರ ಮುಖ ನೋಡುತ್ತಿದ್ದ.

"ಮೀಟರ್ ನಿಮ್ದೇ ಅಲ್ವಾ ಟೀಚರ್?" ಎಂದ.

ಟೀಚರ್ ಮೀಟರನ್ನು ಚೀಲದಲ್ಲಿಟ್ಟುಕೊಂಡು ಮೇಲೆ ಬಂದರು.

ಅವನು ಸೊಸೈಟಿಗೆ ಅರ್ಜಿ ಕೊಟ್ಟ. ಮೀಟಿಂಗ್ ಕರೆಯಲೇಬೇಕಾಯಿತು. ಸೆಕ್ರೆಟರಿಯಾಗಿ ನಾನು ಯಾರ ಪರವೂ ಇರಬಾರದು ಎಂದು ಯಜಮಾನರು ಹೇಳಿದರು. ಅದು ಸರಿಯೇ. ಆದರೆ ಮೀಟರಿನ ಮುಳ್ಳನ್ನು ನಾನು ಕಣ್ಣಾರೆ ನೋಡಿದ್ದೆ. ಮನೆ ಮನೆಗೆ ಹೋಗಿ ಎಲ್ಲರಿಗೂ ವಿವರಿಸಿದೆ, ಇಂಜಿನಿಯರ ಪತ್ರ ತೋರಿಸಿದೆ. ಹದಿನಾರು ಮನೆಯಲ್ಲಿ ಹನ್ನೊಂದು ಮನೆಯವರು ಟವರ್ ಇರಲಿ ಎಂದರು. ಹಾಗೆ ತಿರುಗುವಾಗಲೂ ಮೂರನೇ ಮಹಡಿಯ ಆ ಬಾಗಿಲ ಮುಂದೆ ಹೆಜ್ಜೆ ಸದ್ದು ಮಾಡದೆ ನಡೆಯುತ್ತಿದ್ದೆ. ಒಳಗೆ ನೋವಿನಲ್ಲಿ ಮಲಗಿದವರಿದ್ದಾರೆ, ನಾನು ಹೊರಗೆ ಕೈ ಎಣಿಸುತ್ತಿದ್ದೇನೆ. ಮಾಡುತ್ತಿರುವುದು ನ್ಯಾಯವೋ ಅನ್ಯಾಯವೋ ತಿಳಿಯುತ್ತಿರಲಿಲ್ಲ. ಇಂದಿಗೂ ತಿಳಿದಿಲ್ಲ.

ಮೀಟಿಂಗ್ ಒಂದು ಭಾನುವಾರ ಹನ್ನೊಂದು ಗಂಟೆಗೆ. ಅವತ್ತು ಬೆಳಗ್ಗೆ ಏಳಕ್ಕೆ ಟೀಚರ್ ಬೆಲ್ ಮಾಡಿದರು. ಹಳೆಯ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಸ್ಪ್ಯಾನರ್. "ಹಗ್ಗ ಹಿಡಿಲಿಕ್ಕೆ ಬರ್ತಿಯಾ?" ಎಂದರು.

ಫೆಬ್ರವರಿ ತಿಂಗಳು. ಇಷ್ಟು ಬೇಗ ಯಾಕೆ ಎಂದುಕೊಂಡರೂ ಹೋದೆ. ಮೇಲೆ ಅವರ ಗೆಳೆಯರು ಆಗಲೇ ಬಂದು ತಂತಿ ಸಡಿಲಿಸುತ್ತಿದ್ದರು. ನಾನು ಹೇಳುವವರೆಗೆ ಬಿಡಬೇಡ ಎಂದು ಟೀಚರ್ ಹಗ್ಗದ ತುದಿ ನನಗೆ ಕೊಟ್ಟರು. ಟವರ್ ನಿಧಾನವಾಗಿ ವಾಲಿ ಮಲಗಿತು. ನಾನು ಹಗ್ಗ ಹಿಡಿದುಕೊಂಡೇ ಕಣ್ಣಲ್ಲಿ ಗ್ರೀಸಿನ ಡಬ್ಬಿ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಟೀಚರ್ ಬುಡದ ಬೋಲ್ಟುಗಳನ್ನು ಬಿಚ್ಚುತ್ತಿದ್ದಾರೆ.

"ಟೀಚರ್, ಇವತ್ತು ನಾವು ಗೆಲ್ತೀವ್ರೀ. ಹನ್ನೊಂದು ಮನಿಯವರು ನಮ್ಮ ಕಡೆ ಇದ್ದಾರ."

"ಗೊತ್ತುಂಟು."

"ಮತ್ಯಾಕ ಬಿಚ್ಚಲಿಕ್ಕೆ ಹತ್ತೀರಿ?"

ಸ್ಪ್ಯಾನರ್ ನಿಲ್ಲಿಸಲಿಲ್ಲ. "ಗೆದ್ದ ಮೇಲೆ ಎಂತ ಮಾಡುದು? ನಾಳೆ ಲಿಫ್ಟಲ್ಲಿ ಆ ಹುಡುಗನ ಎದುರು ನಿಲ್ಲುದು ಹೇಗೆ?"

ನನಗೆ ಸಿಟ್ಟು ಬಂತು. ಹೇಳುವುದಾದರೆ ಮೊದಲೇ ಹೇಳಬಹುದಿತ್ತು. ಎರಡು ವಾರ ನಾನು ಮೆಟ್ಟಿಲು ಹತ್ತಿ ಇಳಿದದ್ದು ಯಾತಕ್ಕೆ? ಹಗ್ಗವನ್ನು ಅಲ್ಲೇ ಎಸೆದು ಕೆಳಗೆ ಬಂದೆ. ಹನ್ನೊಂದಕ್ಕೆ ಮೀಟಿಂಗಿನಲ್ಲಿ ಟೀಚರ್ ಎದ್ದು ನಿಂತು, ಟವರ್ ಈಗ ಇಲ್ಲ, ಆ ವಿಷಯ ಬಿಡಿ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಆ ಹುಡುಗ ತಲೆ ತಗ್ಗಿಸಿ ಕೂತಿದ್ದ. ಮುಂದಿನ ವಿಷಯ ನೀರಿನ ಪಂಪು.

ಹದಿನೈದು ದಿನ ನಾನು ಟೀಚರ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ಕಾಕು ತಮ್ಮ ಕೆಲಸದವಳ ಕೈಲಿ ನನಗೆ ಹೇಳಿ ಕಳಿಸಿದರು. ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ಅವರು ಮಗುವಿನಷ್ಟಾಗಿದ್ದರು. ಪಕ್ಕ ಕೂತೆ. ನನ್ನ ಕೈ ಹಿಡಿದುಕೊಂಡು ಕೇಳಿದರು.

"ಯವ್ವಾ, ಆ ಕಂಬ ಎಲ್ಲಿ ಹೋತ?"

"ಯಾವ ಕಂಬರೀ ಕಾಕು?"

"ಎದುರಿನ ಗ್ವಾಡಿ ಮ್ಯಾಲ ಅದರ ನೆಳ್ಳ ಬೀಳತಿತ್ತಲ್ಲ. ಹೊತ್ತ ಇಳದಂಗ ಮ್ಯಾಲ ಮ್ಯಾಲ ಹತ್ತತಿತ್ತು. ಆ ನೀಲಿ ಕಿಡಕಿ ಮುಟ್ಟತಂದ್ರ ನನ್ನ ಮಗ ಬರೂ ಹೊತ್ತಾತು ಅಂತ. ಈಗ ಗ್ವಾಡಿ ಬರೇ ಗ್ವಾಡಿ. ಹೊತ್ತಽ ಹೋಗವಲ್ದು."

ಕಿಟಕಿಯಿಂದ ನೋಡಿದೆ. ಎದುರಿನ ಎತ್ತರದ ಬಿಲ್ಡಿಂಗಿನ ಬಿಳಿ ಗೋಡೆ. ಅದರ ಮೇಲೆ ನಮ್ಮ ಬಿಲ್ಡಿಂಗಿನ ನೆರಳು, ಚೌಕಾಕಾರದ್ದು. ಅದರ ಮೇಲೆ ಏನೂ ಇರಲಿಲ್ಲ.

ನಾನು ಏನು ಹೇಳಬೇಕಿತ್ತು? ನಿಮ್ಮ ಮಗನೇ ತೆಗೆಸಿದ ಎನ್ನಬೇಕಿತ್ತೇ? ಬಾಯಿಗೆ ಬಂದದ್ದು ಸುಳ್ಳು. "ಬಣ್ಣ ಹಚ್ಚಲಿಕ್ಕೆ ಇಳಿಸ್ಯಾರ್ರೀ ಕಾಕು. ಮತ್ತ ನಿಲ್ಲಸ್ತಾರ." ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ನಾನು ಎದ್ದು ಹೊರಗೆ ಬಂದೆ.

ಮಗನಿಗೆ ಹೇಳಿದರೆ ಅವನು ಕುಸಿದು ಹೋಗುತ್ತಾನೆ. ಟೀಚರಿಗೆ ಹೇಳಿದರೆ... ಅವರ ಬಾಗಿಲಿನ ಬೆಲ್ಲಿನ ಮೇಲೆ ಬೆರಳಿಟ್ಟು ನಿಂತೆ. ಅವರು ಯಾರ ನೆಮ್ಮದಿಗೆಂದು ಅದನ್ನು ಇಳಿಸಿದರೋ ಅವರೇ ಅದನ್ನು ಕೇಳುತ್ತಿದ್ದಾರೆ ಎಂದು ಹೇಳಬೇಕು. ಟೀಚರ್ ಅವತ್ತೇ ಟವರ್ ನಿಲ್ಲಿಸಿಬಿಡುತ್ತಿದ್ದರೇನೋ. ಅಥವಾ ಆ ಮಾತು ಅವರನ್ನು ಒಳಗೇ ತಿನ್ನುತ್ತಿತ್ತೇನೋ. ನನ್ನಲ್ಲಿ ಇನ್ನೂ ಸಿಟ್ಟು ಉಳಿದಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ಬೆಲ್ ಒತ್ತಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಮೇ ತಿಂಗಳಲ್ಲಿ ಕಾಕು ಹೋದರು.

ಹದಿಮೂರು ದಿನ ಕಳೆದ ಮೇಲೆ ಆ ಹುಡುಗ ಟೀಚರ ಮನೆಗೆ ಬಂದ. ನಾನೂ ಅಲ್ಲಿದ್ದೆ. ಟವರ್ ಹಾಕ್ಕೊಳ್ಳಿ ಟೀಚರ್, ನಾನು ಏನೂ ಹೇಳಲ್ಲ, ಎಂದ. ಟೀಚರ್ ಅವನಿಗೆ ಚಹಾ ಕೊಟ್ಟು, "ನೋಡುವ," ಎಂದರು. ಅವನು ಹೋದ ಮೇಲೂ ನಾನು ಬಾಯಿ ಬಿಡಲಿಲ್ಲ. ನೋಡುವ ಎಂದ ಟೀಚರ್ ಮತ್ತೆ ಟವರ್ ಹಾಕಲೂ ಇಲ್ಲ. ರೇಡಿಯೊಗೆ ಕಸೂತಿ ಬಟ್ಟೆ ಹೊದಿಸಿದ್ದರು. ಮೂರು ತುಂಡುಗಳು ಒಂದು ಮಳೆಗಾಲ ಟೆರೇಸಿನ ಗೋಡೆಗೆ ಒರಗಿದ್ದವು. ಆಮೇಲೆ ಯಾವುದೋ ಕಾಲೇಜಿನ ಹುಡುಗಿಯರು ಬಂದು ಒಯ್ದರು. ಟೀಚರ್ ಕೆಳಗೆ ಗೇಟಿನವರೆಗೆ ಹೋಗಿ, ತಂತಿ ಎಷ್ಟು ಬಿಗಿಯಬೇಕೆಂದು ಆ ಹುಡುಗಿಯರಿಗೆ ಬೆರಳಲ್ಲಿ ತೋರಿಸುತ್ತಿದ್ದರು.

ಇನ್ನೂ ಎರಡು ವರ್ಷ ಇದ್ದರು. ನಮ್ಮ ಮಾತು ಮೊದಲಿನಂತಾಯಿತು, ಟವರಿನ ವಿಷಯ ಒಂದನ್ನು ಬಿಟ್ಟು. ಒಂದು ಬೆಳಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಉಳಿದಿತ್ತು. ನನ್ನ ಬಳಿಯಿದ್ದ ಕೀಲಿಯಿಂದ ತೆರೆದೆವು. ನಿದ್ದೆಯಲ್ಲೇ ಹೋಗಿದ್ದರು. ಊರಿನಿಂದ ಅಣ್ಣನ ಮಗ ಬಂದು ಎಲ್ಲ ಮುಗಿಸಿ, ಮನೆ ಖಾಲಿ ಮಾಡಿಕೊಂಡು ಹೋದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೋದ ತಿಂಗಳು ವಾಚ್‌ಮನ್ ಒಂದು ಲಕೋಟೆ ತಂದುಕೊಟ್ಟ, ಟೀಚರ ಹೆಸರಿಗೆ. ಒಳಗೆ ಒಂದು ಕಾರ್ಡು, ಮೇಲೆ ಹಿಮದ ಬೆಟ್ಟದ ಚಿತ್ರ. ರೇಡಿಯೊದಲ್ಲಿ ಮಾತಾಡಿದವರು ಆಮೇಲೆ ಒಬ್ಬರಿಗೊಬ್ಬರು ಹೀಗೆ ಕಾರ್ಡ್ ಕಳಿಸುವ ರೂಢಿ ಇದೆಯಂತೆ; ದೇಶದೇಶದ ಸಂಘಗಳ ಮೂಲಕ ಕಟ್ಟು ಕಟ್ಟಾಗಿ ಬರುವುದರಿಂದ ವರ್ಷಗಳೇ ಹಿಡಿಯುತ್ತವಂತೆ. ನಾರ್ವೆಯ ಯಾರೋ ಒಬ್ಬರು. ಮಾತಾಡಿದ ದಿನಾಂಕ ಬರೆದಿದ್ದರು. ನಾನು ಹಳೆಯ ಮೀಟಿಂಗ್ ಪುಸ್ತಕ ತೆಗೆದು ನೋಡಿದೆ. ಮತ್ತೆ ನೋಡಿದೆ. ಟವರ್ ಇಳಿದು ಎರಡು ತಿಂಗಳ ನಂತರದ ದಿನ. ಕಾಕು ಇನ್ನೂ ಬದುಕಿದ್ದರು.

ಟವರ್ ಇಲ್ಲದೆ ಹೇಗೆ? ಟೀಚರ ಗೆಳೆಯರೊಬ್ಬರಿಗೆ ಫೋನ್ ಮಾಡಿ ಕೇಳಿದೆ. ಒಂದು ತಂತಿ ಸಾಕು, ಕಿಟಕಿಯಿಂದ ಹೊರಗೆ ಕಟ್ಟಿದರೂ ಆಗುತ್ತದೆ ಎಂದರು. ಆಗ ಹೊಳೆಯಿತು. ಆ ಬೇಸಿಗೆಯಲ್ಲಿ ಅವರ ಅಡಿಗೆಮನೆಯ ಕಿಟಕಿಯಿಂದ ಹಿಂದಿನ ಪೈಪಿನವರೆಗೆ ಒಂದು ತೆಳ್ಳನೆಯ ತಂತಿ ಇತ್ತು. ಬಟ್ಟೆ ಒಣಹಾಕಲು ಇರಬೇಕು ಎಂದುಕೊಂಡಿದ್ದೆ. ಅದರ ಮೇಲೆ ಎಂದೂ ಬಟ್ಟೆ ಕಂಡಿರಲಿಲ್ಲ. ಕಾಕು ಅವರ ಕಿಟಕಿಗೆ ಅದು ಟವರಿಗಿಂತ ಹತ್ತಿರವಿತ್ತು.

ಅಂದರೆ ಟೀಚರ್ ರೇಡಿಯೊದಲ್ಲಿ ಮಾತಾಡುವುದನ್ನು ಬಿಟ್ಟಿರಲಿಲ್ಲ. ಹಾನಿಯಿಲ್ಲವೆಂದು ಅವರಿಗೆ ಖಾತ್ರಿಯಿತ್ತು. ಕಣ್ಣಿಗೆ ಕಾಣುವುದನ್ನಷ್ಟೇ ತೆಗೆದರು. ಕಾಕು ಅವರಿಗೆ ಬೇಕಾಗಿದ್ದದ್ದು ಅದೊಂದೇ, ಕಣ್ಣಿಗೆ ಕಾಣುವುದು. ಇದನ್ನು ಮೋಸ ಎನ್ನಲೇ, ಮಮತೆ ಎನ್ನಲೇ? ನಾನು ಅವತ್ತು ಆ ಬೆಲ್ ಒತ್ತಿದ್ದರೆ ಅವರು ನಗುತ್ತಿದ್ದರೇ, ಅಳುತ್ತಿದ್ದರೇ? ಎದುರು ಬಾಗಿಲಲ್ಲಿ ಈಗ ಬೇರೆಯವರ ಹೆಸರಿನ ಫಲಕವಿದೆ. ಕೇಳಲು ಯಾರೂ ಇಲ್ಲ.

ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಕೈಬರಹದ ಒಂದು ಸಾಲಿದೆ: ನಿಮ್ಮ ದನಿ ತುಂಬ ಕ್ಷೀಣವಾಗಿತ್ತು, ಆದರೆ ಪ್ರತಿ ಮಾತೂ ಕೇಳಿಸಿತು. ಕೆಳಗಡೆ ಒಂದು ಚಿಕ್ಕ ಚೌಕ. ದಯವಿಟ್ಟು ನಿಮ್ಮ ಕಾರ್ಡನ್ನೂ ಕಳಿಸಿ ಎಂಬುದಕ್ಕೆ ಗುರುತು ಹಾಕಿದ್ದಾರೆ. ಉತ್ತರ ಬರೆಯಬೇಕೆಂದು ಎರಡು ಸಲ ಕೂತೆ. ಅವರು ಈಗ ಇಲ್ಲ ಎಂದು ಬರೆದೆ. ಅದರ ಮುಂದೆ ಏನಾದರೂ ಹೇಳಬೇಕಲ್ಲ, ಅವರು ಯಾರು, ಎಂಥವರು... ಪೆನ್ನು ಅಲ್ಲೇ ನಿಂತಿದೆ.